ದಂತಕಥೆ ಹುಟ್ಟಿದ ಇಸವಿ ಹುಡುಕಲು ಗೂಗಲ್ ಬುಕ್ಸ್: ಎಷ್ಟು ನಂಬಬಹುದು?

ಚರಿತ್ರೆಯ ದೊಡ್ಡವರ ಬಗ್ಗೆ ಓಡಾಡುವ ಕಥೆ ನಿಜವೋ ಕಟ್ಟುಕಥೆಯೋ ಎಂದು ನೋಡುವವರು ಮೊದಲು ಕೇಳಬೇಕಾದ್ದು, ಇದನ್ನು ಮೊದಲು ಬರೆದವರು ಯಾರು, ಯಾವಾಗ ಎಂದು. ಈ ಕೆಲಸಕ್ಕೆ, ಸ್ಕ್ಯಾನ್ ಮಾಡಿದ ಪುಸ್ತಕಗಳ ಒಳಗಿನ ಪದಗಳನ್ನೇ ಹುಡುಕಿಕೊಡುವ ಗೂಗಲ್ ಬುಕ್ಸ್‌ನಷ್ಟು ಒದಗುವ ಉಚಿತ ಸೇವೆಗಳು ಕಡಿಮೆ. ಆದರೆ ಅದು ತೋರಿಸುವ ಇಸವಿಯನ್ನು ಹಾಗೇ ಬರೆದುಕೊಂಡರೆ ಕೆಟ್ಟಿರಿ.

ಕಥೆಯಲ್ಲಿ ಬದಲಾಗದೆ ಉಳಿಯುವಂಥ ಮೂರು-ನಾಲ್ಕು ಪದ ಆರಿಸಿ, ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಟೂಲ್ಸ್‌ನಲ್ಲಿರುವ ಕಾಲಾವಧಿಯನ್ನು 1900ಕ್ಕೆ ಮುಂಚೆ, ಆಮೇಲೆ 1850, 1800 ಎಂದು ಹಿಂದಕ್ಕೆ ಸರಿಸುತ್ತ ಬನ್ನಿ. ಏನೂ ಸಿಗದಿದ್ದರೆ ತಕ್ಷಣ ತೀರ್ಪು ಕೊಡಬೇಡಿ, ಕಾಗುಣಿತ ಬದಲಿಸಿ ನೋಡಿ. ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದದ್ದಕ್ಕೆ ಚರ್ಚ್ 1633ರಲ್ಲಿ ನಡೆಸಿದ ವಿಚಾರಣೆಯ ಬಳಿಕ ಗೆಲಿಲಿಯೋ ಹೇಳಿದನೆನ್ನುವ ‘ಎಪ್ಪೂರ್ ಸಿ ಮುವೋವೆ’ (ಆದರೂ ಅದು, ಅಂದರೆ ಭೂಮಿ, ಚಲಿಸುತ್ತದೆ) ಮಾತನ್ನೇ ತೆಗೆದುಕೊಳ್ಳಿ. 1757ರಲ್ಲಿ ಲಂಡನ್ನಿನಲ್ಲಿ ಇಟಲಿಯ ಲೇಖಕ ಬರೆತ್ತಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಕೊನೆಯ ಪದ ‘ಮೋವೆ’ ಎಂದಿದೆ. ಇಂದಿನ ರೂಪವನ್ನಷ್ಟೇ ಹುಡುಕಿದವರಿಗೆ ಅದು ತಪ್ಪಿಹೋಗುತ್ತದೆ. ಇನ್ನೊಂದು ತೊಡಕು, ಆ ಕಾಲದ ಇಂಗ್ಲಿಷ್ ಅಚ್ಚಿನ ಉದ್ದನೆಯ ‘ಎಸ್’, ನೋಡಲು ‘ಎಫ್’ನಂತೆಯೇ ಇರುವ ಅಕ್ಷರ. ಸ್ಕ್ಯಾನ್ ಮಾಡಿದ ಪುಟವನ್ನು ಓದುವ ಯಂತ್ರ ಅದನ್ನು ಎಷ್ಟೋ ಸಲ ‘ಎಫ್’ ಎಂದು ಓದಿಬಿಡುತ್ತದೆ. ಪದದ ಕೊನೆಯ ಎಸ್ ಬಿಟ್ಟು ಉಳಿದ ಕಡೆ ಎಫ್ ಹಾಕಿ ಇನ್ನೊಮ್ಮೆ ಹುಡುಕಿ. ನೋಡಲು ಹಾಸ್ಯಾಸ್ಪದ, ಆದರೂ ಕೆಲಸ ಮಾಡುತ್ತದೆ.

ಈ ಸೇವೆಯ ನಿಜವಾದ ಹುಳುಕು ಇಸವಿಯದು. ನಿಯತಕಾಲಿಕದ ಸಂಚಿಕೆ ಯಾವ ವರ್ಷದ್ದೇ ಇರಲಿ, ಕೆಲವೊಮ್ಮೆ ಆ ಪತ್ರಿಕೆ ಶುರುವಾದ ವರ್ಷವನ್ನೇ ಅಂಟಿಸಿರುತ್ತಾರೆ. ಎರಡು-ಮೂರು ಸಾಲಿನ ತುಣುಕು ಮಾತ್ರ ಕಾಣುವ ಪುಸ್ತಕಗಳಲ್ಲಿ ಶೀರ್ಷಿಕೆ ಪುಟ ತೆರೆಯುವುದಿಲ್ಲ, ಹಾಗಾಗಿ ಅಲ್ಲಿನ ಇಸವಿ ಬರೀ ಸುಳಿವು. ಆವೃತ್ತಿಯನ್ನೂ ನೋಡಲೇಬೇಕು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಗ್ಗೆ ಪಾದ್ರಿ ವೀಮ್ಸ್ ಬರೆದ ಜೀವನಚರಿತ್ರೆ 1800ರದ್ದು, ಹುಡುಗ ವಾಷಿಂಗ್ಟನ್ ಚೆರ್ರಿ ಮರ ಕಡಿದು ತಂದೆಯ ಮುಂದೆ ನಿಜ ಒಪ್ಪಿಕೊಂಡ ಎನ್ನುವ ಕಥೆ ಅದರೊಳಗೆ ಸೇರಿದ್ದು 1806ರ ಐದನೇ ಆವೃತ್ತಿಯಲ್ಲಿ. ಅಲ್ಲಿ ಹುಡುಗ ಮರ ಉರುಳಿಸುವುದೂ ಇಲ್ಲ, ಕೊಡಲಿಯಿಂದ ತೊಗಟೆ ಕೆತ್ತಿ ಹಾಳುಮಾಡುತ್ತಾನೆ, ಅಷ್ಟೇ.

ಹುಡುಕು ಪೆಟ್ಟಿಗೆ ಕೈಕೊಡುವುದು ‘ಕಪ್ಪು ತಾಜ್‌ಮಹಲ್’ನಂಥ ಕಥೆಗಳಲ್ಲಿ; ಷಹಜಹಾನ್ ತಾಜ್‌ಮಹಲಿನ ಎದುರಿಗೆ ತನಗಾಗಿ ಕಪ್ಪು ಅಮೃತಶಿಲೆಯ ಇನ್ನೊಂದು ಗೋರಿ ಕಟ್ಟಿಸಲಿದ್ದ ಎನ್ನುವುದೇ ಆ ಕಥೆ. ಆ ಪದ ಹಾಕಿದರೆ ಈಚಿನ ಪುಸ್ತಕಗಳೇ ಮೇಲೆ ಬರುತ್ತವೆ. ಕಥೆಯ ಬೇರು ಇರುವುದು 1665ರಲ್ಲಿ ಆಗ್ರಾಕ್ಕೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆಯ ಪ್ರವಾಸ ಕಥನದಲ್ಲಿ. ಅದರ 1889ರ ಇಂಗ್ಲಿಷ್ ಅನುವಾದ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯದಲ್ಲಿ ಇಡಿಯಾಗಿ ಓದಲು ಸಿಗುತ್ತದೆ. ಪುಟ ತಿರುವುವುದಕ್ಕೆ ಅದೇ ವಾಸಿ. ಷಹಜಹಾನ್ ನದಿಯ ಆಚೆ ದಡದಲ್ಲಿ ತನ್ನ ಗೋರಿ ಕಟ್ಟಿಸಲು ಶುರುಮಾಡಿದ್ದ, ಮಕ್ಕಳೊಡನೆ ಯುದ್ಧವಾಗಿ ಕೆಲಸ ನಿಂತಿತು ಎಂದಷ್ಟೇ ಅವನು ಬರೆಯುತ್ತಾನೆ. ಅಮೃತಶಿಲೆಯ ಬಣ್ಣದ ಮಾತೇ ಇಲ್ಲ. ಆಚೆ ದಡದ ಮೆಹ್ತಾಬ್ ಬಾಗ್ ಉದ್ಯಾನದಲ್ಲಿ ಸಿಕ್ಕ ಕಪ್ಪು ಕಲ್ಲುಗಳೂ ಬಣ್ಣಗೆಟ್ಟ ಬಿಳಿ ಕಲ್ಲುಗಳೇ.