ಅಪ್ಪನ ಬಸ್ಸಿನ ಸೀಲಿಂಗ್ ಉಳಿಸಿದ ರಿವೆಟ್ ನಟ್ ಟೂಲ್

ನಮ್ಮ ಅಂಗಳದಲ್ಲಿ ಒಂದು ಹಳೇ ಲೇಲ್ಯಾಂಡ್ ಕಾಮೆಟ್ ಬಸ್ಸು ನಿಂತಿದೆ. ಅಪ್ಪ ಮೂಡಿಗೆರೆ ಕಡೆ ಓಡಿಸುತ್ತಿದ್ದ ಬಸ್ಸು. ಗುಜರಿಗೆ ಹಾಕಲು ಮನಸ್ಸಾಗದೆ ಮನೆಗೆ ತಂದೆವು. ಈಗ ಅದರೊಳಗೆ ಮಂಚ ಇದೆ, ಪುಸ್ತಕದ ಕಪಾಟಿದೆ, ಸಣ್ಣದೊಂದು ಅಡುಗೆ ಕಟ್ಟೆಯೂ ಇದೆ. ಕೊನೆಗೆ ಉಳಿದದ್ದು ಸೀಲಿಂಗ್. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದೂ ಅದೇ.

ಮೊದಲು ಒಬ್ಬರಿಗೆ ಕೆಲಸ ಒಪ್ಪಿಸಿದ್ದೆ. ಪ್ಲೈಗೆ ಗಮ್ ಬಳಿದು, ಅಲ್ಲಲ್ಲಿ ಸ್ಕ್ರೂ ಹೊಡೆದು ಹೋದರು. ಆರು ತಿಂಗಳಿಗೆಲ್ಲ ಪ್ಲೈ ಜೋತು ಬಿತ್ತು. ಬಸ್ಸಿನ ಮಾಡು ಕಮಾನಿನ ಹಾಗೆ ಅಲ್ವಾ? ಬಗ್ಗಿಸಿ ಕೂರಿಸಿದ ಪ್ಲೈ ಹಗಲೂ ರಾತ್ರಿ ನೆಟ್ಟಗಾಗಲು ನೋಡುತ್ತಿರುತ್ತದೆ. ಬಿಸಿಲಿಗೆ ತಗಡು ಕಾದರೆ ಗಮ್ ಮೆತ್ತಗಾಗುತ್ತದೆ. ಮಾಡಿನ ಕಮಾನಿನ ಪಟ್ಟಿ ಎರಡು ಮಿ.ಮೀ. ಕಬ್ಬಿಣ, ಅದರಲ್ಲಿ ಸ್ಕ್ರೂವಿನ ಒಂದೆರಡು ಸುತ್ತು ಮಾತ್ರ ಕಚ್ಚಿಕೊಳ್ಳುತ್ತದೆ, ಎರಡು ಸಲ ಬಿಚ್ಚಿ ಹಾಕಿದರೆ ಅದೂ ಹೋಯಿತು.

ನಮ್ಮೂರಿನ ವೆಲ್ಡರ್ ನೋಡಿ, "ಪಾಪ್ ರಿವೆಟ್ ಹೊಡೆದುಬಿಡೋಣ ಅಣ್ಣಾ, ಅಲ್ಲಾಡಲ್ಲ" ಅಂದರು. ಪಾಪ್ ರಿವೆಟ್ ಅಂದರೆ ಒಮ್ಮೆ ಹೊಡೆದರೆ ಬಿಚ್ಚಲು ಬಾರದ ಮೊಳೆ. ಅವರ ಮಾತು ಸರಿಯೇ. ಆದರೆ ಮಲೆನಾಡಿನ ಮಳೆಗೆ ಹಳೇ ಮಾಡು ಎಲ್ಲಾದರೂ ಸೋರಿಯೇ ಸೋರುತ್ತದೆ. ಆಗ ಪ್ರತಿ ರಿವೆಟ್ಟನ್ನೂ ಡ್ರಿಲ್ ಮಾಡಿ ತೆಗೆಯಬೇಕು. ನನಗೆ ಬೇಕಿದ್ದದ್ದು ಬಿಚ್ಚಿ ಮತ್ತೆ ಹಾಕಬಹುದಾದ ಸೀಲಿಂಗ್. ಹಾಗಾಗಿ ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರೋಡಿನಲ್ಲಿ ಉದ್ದ ಹಿಡಿಯ ಕೈ ರಿವೆಟ್ ನಟ್ ಟೂಲ್ ಒಂದನ್ನು ತಂದೆ. ಜೊತೆಗೆ ಎಂ5, ಅಂದರೆ 5 ಮಿ.ಮೀ. ಬೋಲ್ಟಿನ ಅಳತೆಯ, ಕಬ್ಬಿಣದ ರಿವೆಟ್ ನಟ್‌ಗಳು. ರಿವೆಟ್ ನಟ್ ಅಂದರೆ ತಗಡಿನ ತೂತಿನಲ್ಲೇ ಕಚ್ಚಿಕೊಂಡು ಕೂರುವ, ಒಳಗೆ ಥ್ರೆಡ್ ಇರುವ ನಟ್.

ಕೆಲಸ ಹೀಗೆ. ಕಮಾನಿನ ಪಟ್ಟಿಗೆ 7 ಮಿ.ಮೀ. ತೂತು ಕೊರೆಯಬೇಕು. ರಿವೆಟ್ ನಟ್ಟನ್ನು ಟೂಲಿನ ಮೂತಿಗೆ ತಿರುಗಿಸಿ ಹಾಕಿ, ತೂತಿಗೆ ತೂರಿಸಿ, ಎರಡೂ ಹಿಡಿಗಳನ್ನು ಒತ್ತಬೇಕು. ಒಳಗೆ ನಟ್ಟಿನ ಕುತ್ತಿಗೆ ಕುಸಿದು ಉಬ್ಬಿ, ಹಿಂದಿನಿಂದ ತಗಡನ್ನು ಕಚ್ಚಿಕೊಳ್ಳುತ್ತದೆ. ಆ ಕ್ಷಣ ಕೈಗೇ ಗೊತ್ತಾಗುತ್ತದೆ: ಮೊದಲು ಹಿಡಿ ಸಲೀಸಾಗಿ ಬರುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಒತ್ತಿದರೆ ಥ್ರೆಡ್ ಹಾಳು. ಈಗ ಬೇಕಾದಷ್ಟು ಸಲ ಬಿಚ್ಚಿ ಹಾಕಬಹುದಾದ ಗಟ್ಟಿ ನಟ್ ಸಿಕ್ಕಿದ ಹಾಗೆ.

ತೂತಿನ ಅಳತೆಯಲ್ಲಿ ಮಾತ್ರ ರಾಜಿ ಬೇಡ. ಡ್ರಿಲ್ ಸ್ವಲ್ಪ ಅಲ್ಲಾಡಿ ತೂತು ದೊಡ್ಡದಾದ ಕಡೆ ನಟ್ ಸುಮ್ನೆ ಗಿರಗಿರ ತಿರುಗಿತು. ಅಂಥ ಮೂರನ್ನು ಕೊರೆದು ತೆಗೆದು, ಪಕ್ಕದಲ್ಲಿ ಹೊಸ ತೂತು ಮಾಡಬೇಕಾಯಿತು. ರಿವೆಟ್ ನಟ್ಟಿನ ಪೆಟ್ಟಿಗೆಯ ಮೇಲೆ ಎಷ್ಟು ದಪ್ಪದ ತಗಡಿಗೆ ಎಂದು ಬರೆದಿರುತ್ತದೆ, ನೋಡಿಯೇ ತಗೊಳ್ಳಿ. ನನ್ನದು 0.5ರಿಂದ 3 ಮಿ.ಮೀ. ತಗಡಿನದು.

ಟೂಲಿನ ಒಂದು ತೊಂದರೆ ಅದರ ಉದ್ದ. ಕಿಟಕಿ ಮೇಲೆ, ಲಗೇಜ್ ಕ್ಯಾರಿಯರ್ ಇದ್ದ ಮೂಲೆಯಲ್ಲಿ ಹಿಡಿ ಅಗಲಿಸಲು ಜಾಗವೇ ಇಲ್ಲ. ಅಲ್ಲಿ ಬೇರೆ ದಾರಿ ಹಿಡಿದೆ. ಎಂ5 ಬೋಲ್ಟಿಗೆ ಒಂದು ವಾಷರ್, ಸಡಿಲವಾಗಿ ಕೂರುವ ದೊಡ್ಡ ನಟ್ ಒಂದು ಹಾಕಿ ರಿವೆಟ್ ನಟ್ಟಿಗೆ ತಿರುಗಿಸಿದೆ. ದೊಡ್ಡ ನಟ್ಟನ್ನು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಬೋಲ್ಟಿನ ತಲೆಯನ್ನು ಬಿಗಿ ಮಾಡುತ್ತಾ ಹೋದೆ. ನಿಧಾನ, ಆದರೆ ಚೆನ್ನಾಗಿ ಕೂತಿತು.

ಈ ಸಲ ಪ್ಲೈ 4 ಮಿ.ಮೀ. ಮರೈನ್, ಅಂದರೆ ತೇವ ತಡೆಯುವಂಥದ್ದು, ತಂದೆ. ಮೇಲ್ಪದರದ ನಾರು ಬಸ್ಸಿನ ಉದ್ದಕ್ಕೆ ಬರುವಂತೆ ಮಲಗಿಸಿದರೆ ಕಮಾನಿಗೆ ಸುಲಭವಾಗಿ ಬಗ್ಗುತ್ತದೆ. ಅಡ್ಡ ಹಾಕಿದರೆ ಒದ್ದಾಟ. ಪ್ಲೈನಲ್ಲಿ ತೂತು 8 ಮಿ.ಮೀ. ಮಾಡಿ, ಅಗಲ ವಾಷರ್ ಹಾಕಿದೆ. ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಎರಡಕ್ಕೂ ಆಡಲು ಜಾಗ ಬೇಕು. ಟಿ ಆಕಾರದ ಎರಡು ಊರುಗೋಲು ಮಾಡಿ, ಹಾಳೆಯನ್ನು ಮೇಲೆತ್ತಿ ನಿಲ್ಲಿಸಿದೆವು. ನಡುವಿನ ಸ್ಕ್ರೂ ಮೊದಲು, ಆಮೇಲೆ ಎರಡೂ ಅಂಚಿನ ಕಡೆಗೆ. ಅಂಚಿನಿಂದ ಶುರು ಮಾಡಿದರೆ ನಡುವೆ ಹೊಟ್ಟೆ ಬರುತ್ತದೆ.

ಇಷ್ಟಕ್ಕೂ ದುಡ್ಡು ಕೊಟ್ಟು ಈ ಟೂಲ್ ತಗೊಳ್ಳಬೇಕಾ ಅಂತ ಕೇಳುವವರಿಗೆ: ಹತ್ತಿಪ್ಪತ್ತು ನಟ್ ಇದ್ದರೆ ಬೋಲ್ಟ್ ಸ್ಪ್ಯಾನರೇ ಸಾಕು. ನೂರು ದಾಟಿದರೆ ಖಂಡಿತ ತಗೊಳ್ಳಿ. ಮೂತಿಯ ಥ್ರೆಡ್ ಸವೆಯುತ್ತದೆ, ಒಂದು ಹೆಚ್ಚುವರಿ ಮೂತಿ ಇಟ್ಟುಕೊಳ್ಳಿ. ನನ್ನದು ಸುಮಾರು ನೂರೈವತ್ತು ನಟ್ ಆದಮೇಲೆ ಜಾರತೊಡಗಿತು.

ಜುಲೈನಲ್ಲಿ ಒಂದು ರಾತ್ರಿ ಹಿಂದಿನ ಸೀಟಿದ್ದ ಜಾಗದಲ್ಲಿ ತೊಟ್ಟಿಕ್ಕಿತು. ಬೆಳಗ್ಗೆ ಹನ್ನೆರಡು ಸ್ಕ್ರೂ ಬಿಚ್ಚಿ ಹಾಳೆ ಇಳಿಸಿದೆ. ಹಳೇ ವೆಂಟಿಲೇಟರಿನ ಸುತ್ತ ಸೀಲಂಟ್ ಬಿರುಕು ಬಿಟ್ಟಿತ್ತು. ಅಮ್ಮ ಕೆಳಗೆ ನಿಂತು ಟಾರ್ಚ್ ಹಿಡಿದು, "ಅಲ್ಲೇ ನೋಡೋ, ನಿಮ್ಮಪ್ಪ ಅದೇ ಜಾಗಕ್ಕೆ ಟಾರು ಮೆತ್ತುತ್ತಿದ್ದರು" ಅಂದರು. ಮಳೆ ಬಿಡುವು ಕೊಟ್ಟಾಗ ಮೇಲೆ ಹತ್ತಿ ಸೀಲ್ ಮಾಡಿದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಅದೇ ಹಾಳೆ, ಅದೇ ಹನ್ನೆರಡು ಸ್ಕ್ರೂ, ಮತ್ತೆ ಜಾಗಕ್ಕೆ ಬಂದಿದ್ದವು.