ಬಟ್ಟೆ ಮಾಸ್ಕೋ, ಸರ್ಜಿಕಲ್ಲೋ, ಎನ್95 ತರುವುದೋ?

ದಿನಸಿ ಅಂಗಡಿಯಲ್ಲಿ ಕೂರುವ ಅಪ್ಪನಿಗೆ, ಬಸ್ಸಿನಲ್ಲಿ ಓಡಾಡುವ ನಿಮಗೆ ಸೋಂಕು ತಡೆಯಲು ಯಾವ ಮಾಸ್ಕ್ ತರಲಿ ಎಂದು ಕೇಳಿದ್ದೀರಿ. ಇಬ್ಬರಿಗೂ ಒಂದೇ ಉತ್ತರ ಕೊಡಲಾರೆ.

ಮೊದಲು ಸೋಸುವ ಶಕ್ತಿ. ಪರೀಕ್ಷೆಯಲ್ಲಿ 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿನ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆದರೆ ಮಾತ್ರ ಅದು ಎನ್95. ಅದರ ಒಳಪದರದ ಪಾಲಿಪ್ರೊಪಿಲೀನ್ ಎಳೆಗಳಲ್ಲಿರುವ ಸ್ಥಿರವಿದ್ಯುತ್ತು ಕಣಗಳನ್ನು ಸೆಳೆದು ಹಿಡಿಯುತ್ತದೆ. ದಯವಿಟ್ಟು ಅದನ್ನು ಸೋಪು ಹಾಕಿ ಒಗೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ. ನೋಡಲು ಹೊಸದರಂತಿದ್ದರೂ ಆ ಗುಣ ಹೋಗಿಬಿಡುತ್ತದೆ. ಸರ್ಜಿಕಲ್ ಮಾಸ್ಕ್ ಕೂಡ ಚೆನ್ನಾಗಿ ಸೋಸುತ್ತದೆ, ಆದರೆ ಕೆನ್ನೆಯ ಪಕ್ಕ ಸಂದು ಬಿಡುತ್ತದೆ. ಕಿವಿದಾರಗಳಿಗೆ ಬುಡದಲ್ಲೇ ಗಂಟು ಹಾಕಿ, ಉಬ್ಬಿದ ಅಂಚನ್ನು ಒಳಗೆ ಮಡಚಿದರೆ ಸಂದು ಕಿರಿದಾಗುತ್ತದೆ. ಬಟ್ಟೆಯದು ಈ ವಿಷಯದಲ್ಲಿ ಹಿಂದೆ. ಒಂದೇ ಪದರದ್ದಂತೂ ಬೇಡವೇ ಬೇಡ.

ಖರ್ಚಿನಲ್ಲಿ ಬಟ್ಟೆಯದೇ ಮೇಲು, ಒಗೆದು ತಿಂಗಳುಗಟ್ಟಲೆ ಬಳಸಬಹುದು. ಸರ್ಜಿಕಲ್ ಅನ್ನು ದಿನವೂ ಬದಲಿಸಬೇಕು. ದುಬಾರಿ ಎನ್95 ಆದರೆ ನಾಲ್ಕೈದು ಕೊಂಡು, ಒಂದೊಂದನ್ನೂ ಕಾಗದದ ಚೀಲದಲ್ಲಿಟ್ಟು ಸರದಿಯಲ್ಲಿ ಬಳಸಿ. ಪಟ್ಟಿ ಸಡಿಲವಾದರೆ ಎಸೆಯಿರಿ.

ಕಿಕ್ಕಿರಿದ ಬಸ್ಸು, ಆಸ್ಪತ್ರೆ, ಮನೆಯಲ್ಲಿ ಸೋಂಕಿತರ ಆರೈಕೆ ಇದ್ದರೆ ನಾನು ಎನ್95 ಅನ್ನೇ ಹೇಳುತ್ತೇನೆ. ಉಸಿರು ಹೊರಬಿಡುವ ವಾಲ್ವ್ ಇರುವುದು ಮಾತ್ರ ಬೇಡ. ನಿಮ್ಮ ಉಸಿರು ಸೋಸದೆ ಹೊರಬಂದು ಪಕ್ಕದವರಿಗೆ ತಾಗುತ್ತದೆ. ಅಪ್ಪನಿಗೆ ದಪ್ಪ ಗಡ್ಡವಿದ್ದರೆ ಎನ್95 ಮುಖಕ್ಕೆ ಅಂಟಿ ಕೂರದು. ಬಾಗಿಲು ತೆರೆದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡುವವರಿಗೆ ಗಂಟು ಹಾಕಿದ ಸರ್ಜಿಕಲ್ ಹಗುರ; ಬೆವರಿಗೆ ಒದ್ದೆಯಾದರೆ ಮಧ್ಯಾಹ್ನ ಇನ್ನೊಂದು ಹಾಕಿಕೊಳ್ಳಲಿ. ಮೂರು ಪದರದ ಬಟ್ಟೆಯದು ಬಯಲಿನ ವಾಕಿಂಗಿಗೆ ಸಾಕು.