ಅಡಿಕೆ ತೋಟದ ಮಣ್ಣಿಗೆ ಯಾವ ಕಿಣ್ವ: ಡಿಹೈಡ್ರೋಜಿನೇಸೋ, ಬೀಟಾ-ಗ್ಲುಕೋಸಿಡೇಸೋ?

ಮಣ್ಣು ಎಷ್ಟು ಜೀವಂತವಾಗಿದೆ ಎಂದು ಅದರ ಕಿಣ್ವಗಳಿಂದ ಅಳೆಯುವುದುಂಟು. ಅಡಿಕೆ ತೋಟದ ಮಣ್ಣಾದರೆ ಬೀಟಾ-ಗ್ಲುಕೋಸಿಡೇಸ್ (ಸಸ್ಯಶೇಷ ಕೊಳೆಯಿಸುವುದರಲ್ಲಿ ನೆರವಾಗುವ ಕಿಣ್ವ) ಪರೀಕ್ಷೆಯೇ ಸರಿ. ಸೂಕ್ಷ್ಮಜೀವಿಗಳ ಉಸಿರಾಟದ ಕಿಣ್ವವಾದ ಡಿಹೈಡ್ರೋಜಿನೇಸ್ ಪರೀಕ್ಷೆ ಅಗ್ಗ, ಎಲ್ಲರಿಗೂ ಪರಿಚಿತ. ಆದರೆ ಮಲೆನಾಡಿನ ತೋಟಗಳಲ್ಲಿ ಅದು ಕೈಕೊಡುತ್ತದೆ.

ಕಾರಣ ಬೋರ್ಡೋ ದ್ರಾವಣ. ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸಿ ಮಳೆಗಾಲದಲ್ಲಿ ಹೊಡೆಯುತ್ತಾರಲ್ಲ, ಆ ತಾಮ್ರ ಸುಲಭಕ್ಕೆ ತೊಳೆದುಹೋಗುವುದಿಲ್ಲ. ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿ ವರ್ಷವರ್ಷ ಕೂಡುತ್ತದೆ. ಡಿಹೈಡ್ರೋಜಿನೇಸ್ ಪರೀಕ್ಷೆಯಲ್ಲಿ ಟಿಟಿಸಿ ಎಂಬ ಬಣ್ಣವಿಲ್ಲದ ರಾಸಾಯನಿಕವನ್ನು ಸೂಕ್ಷ್ಮಜೀವಿಗಳು ಟಿಪಿಎಫ್ ಎಂಬ ಕೆಂಪು ವಸ್ತುವಾಗಿಸುತ್ತವೆ. ಅದನ್ನು ಮೆಥನಾಲಿನಲ್ಲಿ ತೆಗೆದು 485 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣದ ಗಾಢತೆ ಓದುವುದು. ತಾಮ್ರ ಆ ಟಿಪಿಎಫ್ ಜೊತೆಗೇ ವರ್ತಿಸಿ ಕೆಂಪು ಇಳಿಸುತ್ತದೆ. ತಾಮ್ರದಿಂದ ಜೀವಿಗಳೂ ಕುಗ್ಗುತ್ತವೆ, ನಿಜ. ಆದರೆ ಕುಗ್ಗಿದ್ದೆಷ್ಟು, ಬಣ್ಣ ಕಳೆದದ್ದೆಷ್ಟು ಎಂದು ಬೇರ್ಪಡಿಸಲಾಗದು. ವರದಿ ಮಾತ್ರ 'ಸತ್ತ ಮಣ್ಣು' ಎನ್ನುತ್ತದೆ. ಜೀವಾಣು ಗೊಬ್ಬರ ಮಾರುವವರಿಗೆ ಇಷ್ಟು ಸಾಕು.

ಅನುಮಾನವಿದ್ದರೆ ಟಿಟಿಸಿ ಬದಲು ಅಳೆದ ಟಿಪಿಎಫ್ ಅನ್ನೇ ಮಣ್ಣಿಗೆ ಸೇರಿಸಿ, 37 ಡಿಗ್ರಿಯಲ್ಲಿ 24 ಗಂಟೆ ಕತ್ತಲಲ್ಲಿಟ್ಟು ಮೆಥನಾಲಿನಿಂದ ತೆಗೆಯಿರಿ. ಹಾಕಿದ್ದಕ್ಕಿಂತ ತೀರಾ ಕಡಿಮೆ ಬಂದರೆ ಮಣ್ಣೇ ಬಣ್ಣ ನುಂಗಿದೆ.

ಮೇಲಾಗಿ ಡಿಹೈಡ್ರೋಜಿನೇಸ್ ಇರುವುದು ಜೀವಂತ ಕೋಶದೊಳಗೆ. ಮಣ್ಣು ದಾರಿಯಲ್ಲಿ ಒಣಗಿದರೆ ಅಂಕಿಯೂ ಕುಸಿಯುತ್ತದೆ.

ಬೀಟಾ-ಗ್ಲುಕೋಸಿಡೇಸ್ ಕೋಶದ ಹೊರಗೂ, ಜೇಡಿಗೆ ಅಂಟಿಕೊಂಡೂ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದರೂ ನಡೆದೀತು. 1 ಗ್ರಾಂ ಮಣ್ಣಿಗೆ 0.25 ಮಿ.ಲೀ. ಟಾಲ್ಯೂಯಿನ್, ರಸಸಾರ 6ರ ಬಫರ್ 4 ಮಿ.ಲೀ., ಪಿಎನ್‌ಪಿ-ಗ್ಲುಕೋಸೈಡ್ (ಕಿಣ್ವ ಒಡೆದರೆ ಹಳದಿ ಕೊಡುವ ವಸ್ತು) ದ್ರಾವಣ 1 ಮಿ.ಲೀ.; 37 ಡಿಗ್ರಿಯಲ್ಲಿ 1 ಗಂಟೆ. ಆಮೇಲೆ 0.5 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., ರಸಸಾರ 12ರ ಥ್ಯಾಮ್ (ಒಂದು ಕ್ಷಾರ ಬಫರ್) 4 ಮಿ.ಲೀ. ಹಾಕಿ ಸೋಸಿ, ಹಳದಿ ಬಣ್ಣ ಓದಿ. ಫಾಸ್ಫಟೇಸ್ (ರಂಜಕಕ್ಕೆ ಸಂಬಂಧಿಸಿದ ಕಿಣ್ವ) ಪರೀಕ್ಷೆ ಮಾಡಿದ ರೂಢಿಯಲ್ಲಿ ಇಲ್ಲಿಗೂ ಸೋಡಿಯಂ ಹೈಡ್ರಾಕ್ಸೈಡ್ ಸುರಿಯಬೇಡಿ: ಉಳಿದ ಗ್ಲುಕೋಸೈಡ್ ತಾನೇ ಒಡೆಯುತ್ತಾ ಹಳದಿ ಏರುತ್ತದೆ. ಹೋಲಿಕೆಯ ನಳಿಕೆಗೆ ಗ್ಲುಕೋಸೈಡನ್ನು ಥ್ಯಾಮ್ ಆದಮೇಲೆ, ಸೋಸುವ ಮುಂಚೆ ಹಾಕಿ. ಹ್ಯೂಮಸ್ಸಿನ ಕಂದು ಲೆಕ್ಕದಿಂದ ಕಳೆಯುವುದು ಅದರಿಂದಲೇ.

ಗ್ಲುಕೋಸೈಡ್ ದುಬಾರಿ. ಆದ್ದರಿಂದ ತೋಟದ ಹತ್ತಾರು ಕಡೆಯ ಮಣ್ಣು ಬೆರೆಸಿ ಒಂದೇ ಮಾದರಿ ಮಾಡಿ, ಮೂರು ನಳಿಕೆ ಓಡಿಸಿದರೆ ಸಾಕು. 'ಇಷ್ಟಿದ್ದರೆ ಒಳ್ಳೆಯ ಮಣ್ಣು' ಎಂಬ ಒಂದೇ ಅಂಕಿ ಎಲ್ಲ ಮಣ್ಣಿಗೂ ಹೊಂದದು. ಪಕ್ಕದ ಸೊಪ್ಪಿನ ಬೆಟ್ಟದ್ದು (ತೋಟಕ್ಕೆ ಸೊಪ್ಪು ತರುವ ಕಾಡಿನದು) ಅದೇ ಜಾತಿಯ ಮಣ್ಣಾಗಿದ್ದರೆ ಅದೇ ವಾರ ತೆಗೆದು ಹೋಲಿಕೆಗೆ ಜೊತೆಗಿಡಿ.

ಇನ್ನೊಂದು ಕಿಣ್ವ, ಯೂರಿಯಾ ಒಡೆಯುವ ಯೂರಿಯೇಸ್, ಸಾರಜನಕದ ಕಥೆ ಮಾತ್ರ ಹೇಳುತ್ತದೆ.

ತಾಮ್ರ ಕಾಣದ ರಾಗಿ ಹೊಲ, ಹತ್ತಿರದಲ್ಲೇ ಪ್ರಯೋಗಾಲಯ, ಕೈಯಲ್ಲಿ ಕಾಸು ಕಡಿಮೆ ಇದ್ದರೆ ಡಿಹೈಡ್ರೋಜಿನೇಸ್ ಆದೀತು. ಭತ್ತದ ಗದ್ದೆಯಲ್ಲಿ ಮಾತ್ರ ನೀರು ನಿಂತಾಗ ಅದರ ಅಂಕಿ ಜಿಗಿಯುತ್ತದೆ. ಅದು ಆಮ್ಲಜನಕವಿಲ್ಲದ ಉಸಿರಾಟದ ಗುರುತು, ಫಲವತ್ತತೆ ಏರಿದ್ದಲ್ಲ.